ಬೆಂಕಿಗೆ ಸಲ್ಲುವುದು ಯಾವುದು, ಭೂಮಿಗೆ ಸಲ್ಲುವುದು ಯಾವುದು?

(ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಉರುವಲಿನ ವಿಚಾರ)

ಬೇಸಾಯಗಾರನ ಹೊಲದಲ್ಲಿ ಬೆಳೆಯುವ ಪ್ರತಿಯೊಂದು ಪೈರಿಗೂ ಹಕ್ಕುದಾರರು ನಾಲ್ವರಿರುತ್ತಾರೆ. ಕಾಳಿಗೆ ಮನುಷ್ಯನು, ಮೇವಿಗೆ ದನಕುರಿಗಳು, ಕಸಕಡ್ಡಿಗೆ ಭೂಮಿ, ಉಳಿದುದಕ್ಕೆ ಒಲೆ. ಈ ನಾಲ್ವರಲ್ಲಿ ಯಾರ ಪಾಲು ಎಷ್ಟೆಂಬುದನ್ನು ನಮ್ಮ ಹಿರಿಯರು ಬರೆದಿಡದಿದ್ದರೂ ನಡೆವಳಿಕೆಯಿಂದ ತಿಳಿದಿದ್ದರು. ಪ್ರಕೃತ ಐದನೆಯ ಹಕ್ಕುದಾರನೊಬ್ಬನು ಬಾಗಿಲಿಗೆ ಬಂದು ನಿಂತಿರುತ್ತಾನೆ. ಹೊಲದ ಕಸದಿಂದಲೂ ಮರದ ತುಂಡಿನಿಂದಲೂ ಎಣ್ಣೆಬೀಜಗಳಿಂದಲೂ ವಿದ್ಯುತ್ತನ್ನೂ ಅನಿಲವನ್ನೂ ಇಂಜಿನಿನ ಎಣ್ಣೆಯನ್ನೂ ತೆಗೆಯುವ ಉದ್ಯಮವೇ ಅವನು. ಇದನ್ನು ಜೈವಿಕ ಶಕ್ತಿಯೆಂದು ಕರೆಯುತ್ತಾರೆ. ಕಲ್ಲಿದ್ದಲೂ ಪೆಟ್ರೋಲೂ ಒಂದು ದಿನ ಮುಗಿಯತಕ್ಕವು. ಪೈರಾದರೋ ವರ್ಷವರ್ಷವೂ ಬರುವುದು. ಆದಕಾರಣ ಈ ಉದ್ಯಮವು ದೇಶಕ್ಕೆ ಹಿತಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಳೆಯೇ ನೆಚ್ಚಿಕೆಯಿಲ್ಲದ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಸೀಮೆಯಲ್ಲಿ ಈ ಹೊಸ ಹಕ್ಕುದಾರನಿಗೆ ಏನನ್ನು ಕೊಡಬಹುದು, ಏನನ್ನು ಕೊಡಬಾರದು ಎಂಬುದನ್ನು ಊರಿನ ಮುಖಂಡರೂ ಭೂಮಾಲೀಕರೂ ಮೊದಲೇ ಆಲೋಚಿಸಿ ನಿಶ್ಚಯಿಸಿಕೊಳ್ಳುವುದು ಅತ್ಯವಶ್ಯಕವಾಗಿರುತ್ತದೆ.

ಸೀಮೆಯ ಸ್ಥಿತಿ

ಈ ಎರಡು ತಾಲ್ಲೂಕುಗಳು ರಾಜ್ಯದ ಅತ್ಯಂತ ಒಣ ಪ್ರದೇಶಗಳಲ್ಲಿ ಸೇರಿದುವು. ವರ್ಷದ ಮಳೆಯು ಸಾಮಾನ್ಯವಾಗಿ 20 ಅಂಗುಲಗಳ ಒಳಗೇ. ಅದರಲ್ಲಿಯೂ ಹೆಚ್ಚಿನ ಭಾಗವು ಬೆಳೆ ಮುಕ್ಕಾಲು ಬಲಿತ ಮೇಲೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುವುದು. ನೆಲವು ಬಹುಮಟ್ಟಿಗೆ ತೆಳುವಾದ ಕೆಂಪು ಮಸಾರಿ. ಅದರಲ್ಲಿ ಸಸ್ಯಾಂಶವು ಬಹಳ ಕಡಮೆ. ಶೇಂಗಾ ಇಲ್ಲಿನ ಮುಖ್ಯ ಬೆಳೆ. ತೊಗರಿ, ಹರಳು, ಸಜ್ಜೆ, ನವಣೆ, ರಾಗಿ, ಹುರುಳಿ ಇವು ಜೊತೆಯ ಬೆಳೆಗಳು. ಶೇಂಗಾ ವ್ಯಾಪಾರದಿಂದಲೂ ಎಣ್ಣೆ ಗಿರಣಿಗಳಿಂದಲೂ ಚಳ್ಳಕೆರೆಯು ಎಣ್ಣೆಯ ಪಟ್ಟಣವೆಂದು ಹೆಸರು ಪಡೆಯಿತು. ಕುರಿಗಳಿಂದ ಚಳ್ಳಕೆರೆಯ ಕಂಬಳಿಯೂ, ನೇಕಾರರಿಂದ ಮೊಳಕಾಲ್ಮೂರಿನ ರೇಷ್ಮೆ ಸೀರೆಯೂ ದೂರದೂರ ಪ್ರಸಿದ್ಧವಾದುವು.

ಇಂತಹ ಸೀಮೆಯಲ್ಲಿ ಬರಗಾಲವು ಅಪರೂಪದ ಅತಿಥಿಯಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟಾಗ ಈ ಎರಡು ತಾಲ್ಲೂಕುಗಳೂ ಅವುಗಳಲ್ಲಿದ್ದುವು. ಬರದ ವರ್ಷದಲ್ಲಿ ಕಾಳು ಕಡಮೆಯಾದಂತೆ ಕಡ್ಡಿಯೂ ಕಡಮೆಯಾಗುವುದು. ಒಳ್ಳೆಯ ವರ್ಷದಲ್ಲಿ ಕಸವೆಂದು ತೋರಿದುದು ಕೆಟ್ಟ ವರ್ಷದಲ್ಲಿ ಎತ್ತಿನ ಪ್ರಾಣವಾಗುವುದು. ಜೈವಿಕ ಶಕ್ತಿಯ ಲೆಕ್ಕವನ್ನು ಒಳ್ಳೆಯ ವರ್ಷದ ಕಣವನ್ನು ನೋಡಿ ಹಾಕತಕ್ಕದ್ದಲ್ಲ. ಕೆಟ್ಟ ವರ್ಷದ ಕೊಟ್ಟಿಗೆಯನ್ನು ನೋಡಿ ಹಾಕತಕ್ಕದ್ದು.

ಸಗಣಿಯ ವಿಚಾರ

ಬೆಂಕಿಗೆ ಕೊಡಬಾರದ ವಸ್ತುಗಳಲ್ಲಿ ಮೊದಲನೆಯದು ಸಗಣಿ. 1889ರಲ್ಲಿ ಈ ದೇಶಕ್ಕೆ ಬಂದು ಇಲ್ಲಿನ ವ್ಯವಸಾಯವನ್ನು ಪರಿಶೀಲಿಸಿ 1893ರಲ್ಲಿ ವರದಿಯನ್ನು ಪ್ರಕಟಿಸಿದ ಡಾಕ್ಟರ್ ವೋಲ್ಕರ್ ಎಂಬ ರಸಾಯನಶಾಸ್ತ್ರಜ್ಞರು, ರೈತನು ಸಗಣಿಯನ್ನು ಸುಡುವುದು ಅಜ್ಞಾನದಿಂದಲ್ಲ, ಬೇರೆ ಸೌದೆಯು ಸಿಕ್ಕದ್ದರಿಂದ ಎಂಬುದನ್ನು ಕಂಡು, ಊರೂರಿನ ಸಮೀಪದಲ್ಲಿ ಸೌದೆ ಮತ್ತು ಮೇವಿನ ವನಗಳನ್ನು ಬೆಳಸಬೇಕೆಂದು ಸಲಹೆ ಮಾಡಿದರು. ಅಂದಿನಿಂದ ನೂರಮೂವತ್ತು ವರ್ಷಗಳು ಕಳೆದರೂ ಅನೇಕ ಮನೆಗಳ ಹಿತ್ತಿಲಿನಲ್ಲಿ ಕುಳ್ಳಿನ ರಾಶಿ ಇನ್ನೂ ನಿಂತಿರುತ್ತದೆ.

ಒಣಗಿದ 100 ಕಿಲೋಗ್ರಾಂ ಸಗಣಿಯಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ಸಾರಜನಕವಿರುತ್ತದೆ. ಇದು ಮೂರು ಕಿಲೋಗ್ರಾಮಿಗೂ ಮೇಲ್ಪಟ್ಟ ಯೂರಿಯಾ ಗೊಬ್ಬರದ ಸಾರಕ್ಕೆ ಸಮಾನ. ಸುಟ್ಟಾಗ ಈ ಸಾರಜನಕವೆಲ್ಲವೂ ಹೊಗೆಯೊಡನೆ ಹೋಗಿ, ಬೂದಿಯಲ್ಲಿ ಸ್ವಲ್ಪ ಪೊಟ್ಯಾಷ್ ಮತ್ತು ರಂಜಕ ಮಾತ್ರ ಉಳಿಯುವುವು. ಕೆಂಪು ಮಸಾರಿಗೆ ಸಾರಜನಕಕ್ಕಿಂತಲೂ ಹೆಚ್ಚಾಗಿ ಬೇಕಾದ, ಮಳೆಯ ನೀರನ್ನು ಹಿಡಿದಿಡುವ ಸಸ್ಯಾಂಶವಂತೂ ಪೂರ್ಣವಾಗಿ ನಾಶವಾಗುವುದು. ಹೀಗೆ ಮನೆಯಲ್ಲಿ ಸಗಣಿಯನ್ನು ಸುಟ್ಟು, ಅಂಗಡಿಯಿಂದ ಚೀಲದ ಗೊಬ್ಬರವನ್ನು ಕೊಳ್ಳುವ ರೈತನು ಒಂದೇ ಸರಕಿಗೆ ಎರಡು ಸಾರಿ ಬೆಲೆ ತೆರುತ್ತಾನೆ.

ಈ ಸೀಮೆಯವರಿಗೆ ತಿಪ್ಪೆಯ ಮಹಿಮೆಯನ್ನು ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರ ಹೆಸರನ್ನು ಹೊತ್ತ ತಿಪ್ಪೇಸ್ವಾಮಿ, ತಿಪ್ಪಮ್ಮ ಇಲ್ಲದ ಹಳ್ಳಿಯು ಇಲ್ಲಿ ಸಿಕ್ಕುವುದು ಕಷ್ಟ. ಮಗುವಿಗೆ ತಿಪ್ಪೆಯ ಹೆಸರನ್ನಿಡಲು ನಾಚದ ಜನರು ತಿಪ್ಪೆಗೆ ಸಲ್ಲಬೇಕಾದುದನ್ನು ಒಲೆಗೆ ಹಾಕುವುದು ಸರಿಯಲ್ಲ.

ಹಾಗಾದರೆ ಸಗಣಿಯಿಂದ ಬೆಂಕಿಯೂ ದೊರೆತು ಗೊಬ್ಬರವೂ ಉಳಿಯುವ ಮಾರ್ಗವಿಲ್ಲವೇ? ಉಂಟು, ಅದೇ ಗೋಬರ್ ಗ್ಯಾಸ್. ಗಾಳಿಯಾಡದ ಗುಂಡಿಯಲ್ಲಿ ಸಗಣಿಯು ಕೊಳೆಯುವಾಗ ಉರಿಯುವ ಅನಿಲವು ಹೊರಬರುವುದು. ಸಾರಜನಕವು ಬಗ್ಗಡದಲ್ಲಿಯೇ ನಿಲ್ಲುವುದು. ಎರಡು ಘನಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋಗ್ರಾಂ ಹಸಿ ಸಗಣಿ ಬೇಕು. ಅದರಿಂದ ನಾಲ್ಕೈದು ಜನರ ಅಡಿಗೆ ಸಾಗುವುದು. ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ದನವೊಂದು ದಿನಕ್ಕೆ 10 ಕಿಲೋಗ್ರಾಂ ಸಗಣಿ ಹಾಕುವುದೆಂದು ಲೆಕ್ಕ. ಮೇಯಲು ಹೋಗುವ ನಾಡದನದಿಂದ ಮನೆಗೆ ದೊರೆಯುವುದು ಅದರ ಅರ್ಧ ಮಾತ್ರ. ಸಗಣಿಯಷ್ಟೇ ತೂಕದ ನೀರೂ ಬೇಕು. ಕುಡಿಯುವ ನೀರಿಗೇ ಟ್ಯಾಂಕರನ್ನು ಕಾಯುವ ಊರಿನಲ್ಲಿ ದಿನಕ್ಕೆ 50 ಲೀಟರು ನೀರನ್ನು ಗುಂಡಿಗೆ ಸುರಿಯೆಂದು ಹೇಳುವುದು ಹಾಸ್ಯಾಸ್ಪದ. ಆದ್ದರಿಂದ ಕೊಳವೆಬಾವಿಯಲ್ಲಿ ನೀರಿದ್ದು ಕೊಟ್ಟಿಗೆಯಲ್ಲಿ ಐದಾರು ದನಗಳಿರುವ ಮನೆಗಳಿಗೆ ಇದು ನಿಸ್ಸಂದೇಹವಾಗಿ ಯೋಗ್ಯ. ಮಿಕ್ಕವರು ತಿಪ್ಪೆಯನ್ನೇ ನೆರಳಿನಲ್ಲಿ, ಗುಂಡಿಯಲ್ಲಿ ಸರಿಯಾಗಿ ಕಾಪಾಡಿಕೊಳ್ಳುವುದು ಲೇಸು. ನೆರೆಯ ನೇಪಾಳ ದೇಶದಲ್ಲಿ 1992ರಿಂದ ನಡೆದ ಕಾರ್ಯಕ್ರಮದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಇಂತಹ ಸ್ಥಾವರಗಳು ಕಟ್ಟಲ್ಪಟ್ಟುವು. ಅಲ್ಲಿ ಸಹಾಯಧನದೊಡನೆ ಕಟ್ಟಿದವರಿಂದ ರಿಪೇರಿಯ ಹೊಣೆಯನ್ನೂ ಬರೆಯಿಸಿಕೊಂಡದ್ದು ಆ ಯಶಸ್ಸಿಗೆ ಒಂದು ಮುಖ್ಯ ಕಾರಣ.

ಊರೊಟ್ಟಿನ ಗೋಬರ್ ಗ್ಯಾಸ್ ವಿಷಯದಲ್ಲಿ ಕುಣಿಗಲ್ ತಾಲ್ಲೂಕಿನ ಪುರ ಎಂಬ ಗ್ರಾಮದ ಅನುಭವವು ಗಮನಾರ್ಹವಾದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ಎಂಬ ಕೇಂದ್ರದವರು ಅಲ್ಲಿ ಮೊದಲು ಎಲ್ಲ ಮನೆಗಳ ಅಡಿಗೆಗೂ ಅನಿಲ ಕೊಡಬೇಕೆಂದು ಪ್ರಯತ್ನಿಸಿದರು. ಊರಿನ ಸಗಣಿಯೆಲ್ಲ ಸೇರಿದರೂ ಅದಕ್ಕೆ ಸಾಲಲಿಲ್ಲ, ಕೆಲಸವು ನಿಂತಿತು. ಬಳಿಕ 1987ರಲ್ಲಿ ಅದೇ ಅನಿಲದಿಂದ ಇಂಜಿನನ್ನು ನಡೆಯಿಸಿ ಮನೆಗಳಿಗೆ ಕುಡಿಯುವ ನೀರನ್ನೂ ದೀಪವನ್ನೂ ಕೊಟ್ಟಾಗ ಊರವರು ಅದನ್ನು ತಮ್ಮದೆಂದು ಒಪ್ಪಿಕೊಂಡರು. ಸಗಣಿ ತಂದುಕೊಟ್ಟವರಿಗೆ ತೂಕದ ಮೇಲೆ ಕೂಲಿಯೂ, ಕೊಟ್ಟಷ್ಟಕ್ಕೆ ತಕ್ಕಂತೆ ಬಗ್ಗಡವೂ ಹಿಂತಿರುಗಿ ಸಲ್ಲುತ್ತಿದ್ದಿತು. ‘ಮಾಡಿದಷ್ಟು ನೀಡು ಭಿಕ್ಷೆ’ ಎಂದು ನಾಯಕನಹಟ್ಟಿಯ ಸ್ವಾಮಿಗಳ ವಾಕ್ಯವೆಂದು ಜನರು ಹೇಳುವ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು.

ಶೇಂಗಾ ಸಿಪ್ಪೆ

ಬೆಂಕಿಗೆ ನಿಶ್ಚಿಂತೆಯಿಂದ ಕೊಡಬಹುದಾದ ವಸ್ತುಗಳಲ್ಲಿ ಶೇಂಗಾ ಸಿಪ್ಪೆಯೇ ಮೊದಲನೆಯದು. ಇಲ್ಲಿ ಒಂದು ವಿವೇಚನೆ ಅಗತ್ಯ. ಶೇಂಗಾ ಬಳ್ಳಿಯ ಹೊಟ್ಟು ಬೇರೆ, ಕಾಯಿಯ ಸಿಪ್ಪೆ ಬೇರೆ. ಬಳ್ಳಿಯ ಹೊಟ್ಟು ದನಕುರಿಗಳಿಗೆ ಉತ್ತಮವಾದ ಮೇವು. ಅದನ್ನು ಯಾವ ಬೆಲೆಗೂ ಒಲೆಗಾಗಲಿ ಕಾರ್ಖಾನೆಗಾಗಲಿ ಕೊಡಕೂಡದು. ಸಿಪ್ಪೆಯಾದರೋ ದನಕ್ಕೆ ಹೆಚ್ಚು ಪ್ರಯೋಜನವಿಲ್ಲದ್ದು. ಮಣ್ಣಿನಲ್ಲಿ ಕೊಳೆಯುವುದೂ ನಿಧಾನ. ಆದರೆ ಒಂದು ಕಿಲೋಗ್ರಾಂ ಒಣ ಸಿಪ್ಪೆಯಲ್ಲಿ ಸುಮಾರು 4,000 ಕಿಲೋಕ್ಯಾಲರಿ ಶಾಖವಿರುತ್ತದೆ. ಇದು ನಮ್ಮ ದೇಶದ ಮಧ್ಯಮ ದರ್ಜೆಯ ಕಲ್ಲಿದ್ದಲಿಗೆ ಸಮಾನ.

ಕಾಯಿಯ ತೂಕದಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ನೂರಕ್ಕೆ 28ರಷ್ಟು ಸಿಪ್ಪೆಯೆಂದಿಟ್ಟುಕೊಳ್ಳಬಹುದು. 10 ಕ್ವಿಂಟಲು ಕಾಯಿಯನ್ನು ಮಾರುವ ರೈತನು ತನಗೆ ಅರಿವಿಲ್ಲದೆಯೇ ಎರಡೂಮುಕ್ಕಾಲು ಕ್ವಿಂಟಲು ಒಳ್ಳೆಯ ಉರುವಲನ್ನೂ ಗಾಡಿಗೆ ಹೇರಿ ಕಳುಹಿಸುತ್ತಾನೆ. ಅದು ಪಟ್ಟಣದಲ್ಲಿ ರಾಶಿಯಾಗಿ ಬಿದ್ದು ಬಾಯ್ಲರುಗಳಿಗೂ ಇಟ್ಟಿಗೆಯ ಗೂಡುಗಳಿಗೂ ಹೋಗುವುದು. ಅವನ ಮನೆಯ ಹೆಂಗಸರು ಮಾತ್ರ ಜಾಲಿಮುಳ್ಳನ್ನು ಹುಡುಕಿಕೊಂಡು ಮೈಲಿಗಟ್ಟಲೆ ನಡೆಯುವರು. ಊರಿನ ಸಹಕಾರ ಸಂಘವು ಸಿಪ್ಪೆ ಬಿಡಿಸುವ ಯಂತ್ರವೊಂದನ್ನು ಇಟ್ಟುಕೊಂಡು ಕಾಳನ್ನು ಮಾತ್ರ ಮಾರಾಟಕ್ಕೆ ಕಳುಹಿಸುವುದಾದರೆ ಸಿಪ್ಪೆಯು ಊರಿನಲ್ಲಿಯೇ ನಿಲ್ಲುವುದು, ಸಾಗಾಣಿಕೆಯ ಖರ್ಚೂ ತಗ್ಗುವುದು. ಬೀಜಕ್ಕೆ ಇಟ್ಟ ಕಾಯಿಯನ್ನು ಮಾತ್ರ ಬಿತ್ತನೆಯ ಕಾಲದವರೆಗೆ ಸಿಪ್ಪೆಯೊಡನೆಯೇ ಇಡತಕ್ಕದ್ದು.

ಬಿಡಿ ಸಿಪ್ಪೆಯು ಹಗುರವಾಗಿರುವುದರಿಂದ ಬೇಗ ಉರಿದುಹೋಗುವುದು. ಮಳೆಗೂ ಗೆದ್ದಲಿಗೂ ಈಡಾಗುವುದು. ಯಂತ್ರದಲ್ಲಿ ಒತ್ತಿ ಗಟ್ಟಿಯಾದ ತುಂಡುಗಳನ್ನಾಗಿ ಮಾಡಿದರೆ ಸೌದೆಯಂತೆಯೇ ಜೋಡಿಸಿಡಬಹುದು. ತೊಗರಿ ಕಟ್ಟಿಗೆ, ಹರಳು ಕಡ್ಡಿ, ತೆಂಗಿನ ಚಿಪ್ಪು ಇವುಗಳನ್ನೂ ಇದೇ ವರ್ಗಕ್ಕೆ ಸೇರಿಸಬಹುದು. ಇವೆಲ್ಲದರ ಬೂದಿಯನ್ನು ಬೀದಿಗೆ ಚೆಲ್ಲದೆ ತಿಪ್ಪೆಗೆ ಹಾಕಿದಲ್ಲಿ ಪೊಟ್ಯಾಷ್ ಭೂಮಿಗೆ ಮರಳುವುದು.

ಒಲೆಯ ವಿಚಾರವನ್ನೂ ಇಲ್ಲಿಯೇ ಹೇಳತಕ್ಕದ್ದು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ಮುಟ್ಟುವುದು. 1980ರ ದಶಕದಲ್ಲಿ ರಾಜ್ಯದ ಹಳ್ಳಿಗಳಿಗೆ ಬಂದ ಅಸ್ತ್ರ ಒಲೆಯು ಇದನ್ನು ಸುಮಾರು ಮೂರು ಪಾಲಿಗೆ ಏರಿಸಬಲ್ಲುದಾಗಿದ್ದಿತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಗ್ಯಾಸ್ ಸಿಲಿಂಡರು ಬಂದಿರುವುದು ನಿಜ. ಆದರೂ ಸ್ನಾನದ ಹಂಡೆ, ದನದ ಹುರುಳಿ, ಮದುವೆ ಮುಂಜಿಗಳ ಅಡಿಗೆ ಇವು ಸೌದೆಯ ಮೇಲೆಯೇ ನಡೆಯುತ್ತಿರುವುವು. ಮೊಳಕಾಲ್ಮೂರಿನ ನೂಲಿಗೆ ಬಣ್ಣ ಹಾಕುವವರ ಹಂಡೆಗಳಿಗೂ ಬಿಸಿನೀರು ಬೇಕೇಬೇಕು. ಒಳ್ಳೆಯ ಒಲೆಯನ್ನು ಕಟ್ಟಿದವನು ಒಂದು ಮರವನ್ನೂ ನೆಡದೆಯೇ ಅರ್ಧ ವನವನ್ನು ಬೆಳೆಸಿದಂತಾಗುವುದು.

ಬಳ್ಳಾರಿ ಜಾಲಿ

1877ರ ಸುಮಾರಿಗೆ ಹೊರದೇಶದಿಂದ ಆಂಧ್ರ ಸೀಮೆಗೆ ತಂದ ಈ ಗಿಡವು ಇಂದು ಕೆರೆಯಂಗಳ, ಹಳ್ಳದ ದಡ, ಗೋಮಾಳ, ಬೀಳು ಹೊಲ ಎಲ್ಲವನ್ನೂ ಆಕ್ರಮಿಸಿಕೊಂಡಿದೆ. ಅದರ ಸಿಹಿಯಾದ ಕಾಯನ್ನು ಕುರಿಮೇಕೆಗಳು ತಿಂದು ಬೀಜವನ್ನು ಹಿಕ್ಕೆಯ ಮೂಲಕ ಊರೂರಿಗೆ ಹಂಚುತ್ತವೆ. ಅದರ ಕೆಳಗೆ ಹುಲ್ಲು ಬೆಳೆಯುವುದಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುವುದು. ಆದರೆ ಅದರ ಕಟ್ಟಿಗೆಯು ಉತ್ತಮವಾದ ಉರುವಲು, ಇದ್ದಿಲೂ ಒಳ್ಳೆಯದು.

ಆದಕಾರಣ ಈ ಸೀಮೆಯಲ್ಲಿ ಯಂತ್ರಕ್ಕೆ ಕಟ್ಟಿಗೆ ಬೇಕೆನ್ನುವವರಿಗೆ ಮೊದಲು ತೋರಿಸಬೇಕಾದುದು ಬಳ್ಳಾರಿ ಜಾಲಿಯನ್ನೇ. ಕೆರೆಯಂಗಳವನ್ನು ಗುತ್ತಿಗೆಗೆ ಕೊಡುವಾಗ ಬುಡಸಹಿತ ಕೀಳಬೇಕೆಂಬ ಷರತ್ತನ್ನು ಹಾಕಿ, ಅಗತ್ಯವಾದೆಡೆಯಲ್ಲಿ ಅರಣ್ಯ ಇಲಾಖೆಯವರ ಅನುಮತಿಯನ್ನು ಪಡೆದು ಈ ಕೆಲಸವನ್ನು ನಡೆಯಿಸಬಹುದು. ಹೀಗೆ ಮಾಡಿದಲ್ಲಿ ಉರುವಲೂ ದೊರೆತು ಕೆರೆಯೂ ಹುಲ್ಲುಗಾವಲೂ ಬಿಡುಗಡೆಯಾಗುವುವು. ಮಣ್ಣಿನ ಗೂಡಿನಲ್ಲಿ ಇದ್ದಿಲು ಸುಡುವುದು ಮಾತ್ರ ಲಾಭದಾಯಕವಲ್ಲ. ನಾಲ್ಕೈದು ಕಿಲೋಗ್ರಾಂ ಕಟ್ಟಿಗೆಗೆ ಒಂದು ಕಿಲೋಗ್ರಾಂ ಇದ್ದಿಲು ದೊರೆತು, ಶಾಖದ ಅರ್ಧಕ್ಕೂ ಹೆಚ್ಚು ಭಾಗ ಹೊಗೆಯಾಗಿ ಹೋಗುವುದು. ಇನ್ನೊಂದು ಎಚ್ಚರಿಕೆ: ಇರುವ ಜಾಲಿಯನ್ನು ತೀರಿಸುವುದು ವಿವೇಕ, ಯಂತ್ರಕ್ಕೋಸ್ಕರ ಜಾಲಿಯನ್ನು ಬೆಳಸಹೊರಡುವುದು ಅವಿವೇಕ. ಕೆಲವು ವರ್ಷಗಳ ನಂತರ ಜಾಲಿಯು ಮುಗಿದಾಗ ಯಂತ್ರವು ಏನನ್ನು ತಿನ್ನುವುದೆಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳತಕ್ಕದ್ದು.

ಹೊಂಗೆ, ಬೇವು ಮತ್ತು ಹುಲ್ಲುಗಾವಲು

ಎಣ್ಣೆಯ ಗಿಡಗಳ ವಿಷಯದಲ್ಲಿ ದೇಶವು ಒಂದು ದುಬಾರಿಯಾದ ಪಾಠವನ್ನು ಕಲಿತಿರುತ್ತದೆ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಜಟ್ರೋಫಾ ಗಿಡವನ್ನು ಬಂಜರುಭೂಮಿಯಲ್ಲಿ ಬೆಳೆದು 2011-12ರ ವೇಳೆಗೆ ಡೀಸೆಲಿಗೆ ನೂರಕ್ಕೆ 20ರಷ್ಟು ಎಣ್ಣೆಯನ್ನು ಬೆರಸಬಹುದೆಂದು ಸಲಹೆ ಮಾಡಿತು. ನೀರೂ ಗೊಬ್ಬರವೂ ಇಲ್ಲದೆ ಇಳುವರಿ ಕೊಡುವುದೆಂದು ಹೊಗಳಲ್ಪಟ್ಟ ಆ ಗಿಡವು ಒಣನೆಲದಲ್ಲಿ ಬದುಕಿತೇ ಹೊರತು ಲಾಭವಾಗುವಷ್ಟು ಬೀಜವನ್ನು ಬಿಡಲಿಲ್ಲ. ಆಫ್ರಿಕಾ ಖಂಡದ ಹಲವು ದೇಶಗಳಲ್ಲಿಯೂ ಹಾಗೆಯೇ ಆಯಿತು. ಬಂಜರಿನಲ್ಲಿ ಬದುಕುವ ಗಿಡವು ಬಂಜರಿನಲ್ಲಿ ಫಸಲು ಕೊಡುವುದೆಂದು ತಿಳಿಯುವುದು ತಪ್ಪು.

ಹೊಂಗೆಯ ಮಾತು ಸ್ವಲ್ಪ ಬೇರೆ. ಅದು ನಮ್ಮ ನೆಲದ್ದೇ ಮರ. ಗಾಳಿಯ ಸಾರಜನಕವನ್ನು ಬೇರಿನಲ್ಲಿ ಕೂಡಿಸುವ ಜಾತಿಗೆ ಸೇರಿದುದು. ಅದರ ಎಣ್ಣೆಯು ಹಿಂದಿನಿಂದಲೂ ದೀಪಕ್ಕೆ ಉಪಯೋಗವಾಗುತ್ತಿದ್ದಿತು. ಗಾಣದಲ್ಲಿ ಬೀಜದ ತೂಕದ ಸುಮಾರು ಕಾಲು ಭಾಗ ಎಣ್ಣೆ ದೊರೆತು, ಮಿಕ್ಕ ಹಿಂಡಿಯು ಒಳ್ಳೆಯ ಗೊಬ್ಬರವಾಗುವುದು. ಕರ್ನಾಟಕ ಸರ್ಕಾರದವರು 2009ರಲ್ಲಿ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿ, ಬಳಿಕ ಇದಕ್ಕೋಸ್ಕರ ಒಂದು ಮಂಡಲಿಯನ್ನೂ ಸ್ಥಾಪಿಸಿ, ಹೊಂಗೆ, ಬೇವು, ಹಿಪ್ಪೆ ಮುಂತಾದುವನ್ನು ಬದುಗಳಲ್ಲಿ ನೆಡಲು ಪ್ರೋತ್ಸಾಹ ಕೊಟ್ಟದ್ದು ಸರಿಯಾದ ದಾರಿ. ಹೊಲದ ಬದು, ಕೆರೆಯ ಏರಿಯ ಬದಿ, ರಸ್ತೆಯ ಇಕ್ಕೆಲ, ಶಾಲೆಯ ಅಂಗಳ ಇವು ಹೊಂಗೆಗೆ ಸ್ಥಳ, ಹೊಲದ ನಡುವೆಯಲ್ಲ. ನೆಟ್ಟ ಆರೇಳು ವರ್ಷಗಳವರೆಗೆ ಹೇಳಿಕೊಳ್ಳುವ ಬೀಜ ಸಿಕ್ಕದೆಂಬುದನ್ನೂ ತಿಳಿದಿರತಕ್ಕದ್ದು. ಬೀಜವನ್ನು ಆಯುವ ಹಕ್ಕನ್ನು ಗ್ರಾಮಪಂಚಾಯಿತಿಯವರು ಒಬ್ಬನೇ ಗುತ್ತಿಗೆದಾರನಿಗೆ ಹರಾಜು ಹಾಕದೆ, ಭೂಮಿಯಿಲ್ಲದ ಮನೆಗಳ ಹೆಂಗಸರ ಸಂಘಗಳಿಗೆ ಕೊಡುವುದು ನ್ಯಾಯ. ಕೆಲಸವಿಲ್ಲದ ಬೇಸಗೆಯಲ್ಲಿ ಅವರಿಗೆ ಅದೊಂದು ಆಧಾರ.

ಗೋಮಾಳ ಮತ್ತು ಕಾವಲುಗಳನ್ನು ಇಂಧನದ ತೋಪುಗಳಿಗೆ ಕೊಡಬಹುದೇ ಎಂಬ ಪ್ರಶ್ನೆಗೆ ಕೊಡಬಾರದೆಂಬುದೇ ಉತ್ತರ. ನಕ್ಷೆಯಲ್ಲಿ ‘ಪಾಳು’ ಎಂದು ಕಾಣುವ ಈ ಭೂಮಿಯು ನಿಜವಾಗಿ ಪಾಳಲ್ಲ. ಅಮೃತಮಹಲ್ ತಳಿಯನ್ನು ಸಾಕಿದ್ದು ಈ ಹುಲ್ಲು. ಮ್ಯಾಸನಾಯಕರ ದೇವರ ಎತ್ತುಗಳನ್ನು ಕಿಲಾರಿಗಳು ಕಾಯುವುದು ಈ ಹುಲ್ಲಿನ ಮೇಲೆ. ಕಂಬಳಿಯ ಉಣ್ಣೆಯು ಬೆಳೆಯುವುದೂ ಇದೇ ಹುಲ್ಲಿನಿಂದ. 2009-10ರ ಸುಮಾರಿನಿಂದ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸಾವಿರಾರು ಎಕರೆಗಳು ವಿಜ್ಞಾನ ಮತ್ತು ರಕ್ಷಣೆಯ ಸಂಸ್ಥೆಗಳಿಗೆ ಮಂಜೂರಾದ ಮೇಲೆ ಮೇಯುವ ನೆಲವು ಬಹಳ ಕುಗ್ಗಿರುತ್ತದೆ. ಉಳಿದುದನ್ನು ಉರುವಲಿನ ಹೆಸರಿನಲ್ಲಿ ನೀಲಗಿರಿಗೋ ಜಾಲಿಗೋ ಕೊಟ್ಟಲ್ಲಿ, ಕುರಿಮಂದೆ ಹಾಕಿಸಿ ಹೊಲವನ್ನು ಫಲವತ್ತು ಮಾಡಿಕೊಳ್ಳುವ ಪದ್ಧತಿಯೂ ಹಿಂಡಿನೊಡನೆಯೇ ಮಾಯವಾಗುವುದು.

ದೊಡ್ಡ ಯಂತ್ರವೋ, ಸಣ್ಣ ಯಂತ್ರವೋ?

ಕಟ್ಟಿಗೆಯನ್ನೂ ಸಿಪ್ಪೆಯನ್ನೂ ಮಿತವಾದ ಗಾಳಿಯಲ್ಲಿ ಉರಿಸಿದರೆ ಉರಿಯಬಲ್ಲ ಅನಿಲವು ಬರುವುದು. ಅದರಿಂದ ಇಂಜಿನು ನಡೆಯುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಕ್ಕದೆ ಮೈಸೂರು ಸೀಮೆಯ ರಸ್ತೆಗಳಲ್ಲಿ ಓಡಿದ ಇದ್ದಿಲಿನ ಬಸ್ಸುಗಳು ಇದೇ ತತ್ತ್ವದವು. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಇಂತಹ ಯಂತ್ರವನ್ನಿಟ್ಟು, ಊರಿನ ಬಳಿಯಲ್ಲಿಯೇ ಸೌದೆಯ ತೋಪನ್ನು ಬೆಳೆಸಿ, ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಇವನ್ನು ಅನೇಕ ವರ್ಷ ನಡೆಯಿಸಿದರು. ಮುಂದೆ ತುಮಕೂರು ಜಿಲ್ಲೆಯಲ್ಲಿ ವಿಶ್ವಸಂಸ್ಥೆಯ ನೆರವಿನಿಂದ 2001ರಲ್ಲಿ ಪ್ರಾರಂಭವಾದ ಯೋಜನೆಯಲ್ಲಿ ಕಬ್ಬಿಗೆರೆ ಗ್ರಾಮದ ಸ್ಥಾವರದಿಂದ ವಿದ್ಯುತ್ತನ್ನು ಸರ್ಕಾರಿ ತಂತಿಗೆ ಸೇರಿಸಲಾಯಿತು. ಯಂತ್ರವು ನಡೆಯುವುದೆಂಬುದು ಈ ಎರಡು ಕಡೆಯೂ ಸಿದ್ಧವಾಯಿತು. ಕಷ್ಟವು ಯಂತ್ರದಲ್ಲಿರಲಿಲ್ಲ, ದಿನವೂ ಒಣಗಿದ ಕಟ್ಟಿಗೆಯನ್ನು ಒದಗಿಸುವುದು, ಕಲಿತ ಹುಡುಗರನ್ನು ಊರಿನಲ್ಲಿ ಉಳಿಸಿಕೊಳ್ಳುವುದು, ತಗಲಿದ ಖರ್ಚು ಹುಟ್ಟುವಷ್ಟು ಬೆಲೆಯನ್ನು ಪಡೆಯುವುದು, ಇವುಗಳಲ್ಲಿದ್ದಿತು.

ಈಗ ಲೆಕ್ಕವನ್ನು ನೋಡೋಣ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಒಂದೂಕಾಲು ಕಿಲೋಗ್ರಾಂ ಒಣ ಉರುವಲು ಬೇಕು. ಒಂದು ಮೆಗಾವ್ಯಾಟಿನ ಸ್ಥಾವರವು ಹಗಲಿರುಳು ನಡೆದರೆ ದಿನಕ್ಕೆ 30 ಟನ್ನು, ವರ್ಷಕ್ಕೆ ಸುಮಾರು 10,000 ಟನ್ನು ಉರುವಲನ್ನು ನುಂಗುವುದು. ಇಷ್ಟನ್ನೂ ಶೇಂಗಾ ಸಿಪ್ಪೆಯಿಂದಲೇ ಒದಗಿಸುವುದಾದರೆ ಸುಮಾರು 36,000 ಟನ್ನು ಕಾಯಿ ಬೆಳೆಯಬೇಕು. ಒಳ್ಳೆಯ ವರ್ಷದಲ್ಲಿ ಎಕರೆಗೆ 4 ಕ್ವಿಂಟಲಿನಂತೆ 90,000 ಎಕರೆ ಬೇಕು. ಮಳೆ ಕೈಕೊಟ್ಟು ಬೆಳೆ ಅರ್ಧವಾದರೆ 1,80,000 ಎಕರೆ. ಆಗ ಸ್ಥಾವರದವರು ಸುಮ್ಮನಿರುವರೇ? ತೊಗರಿ ಕಡ್ಡಿಯನ್ನು ಕೇಳುವರು. ಬಳಿಕ ಮೇವನ್ನು ಕೇಳುವರು. ಕೊನೆಗೆ ಬದುವಿನ ಮರವನ್ನು ಕೇಳುವರು. ಬರದ ವರ್ಷದಲ್ಲಿ ಕೈಯಲ್ಲಿ ಕಾಸಿಲ್ಲದ ರೈತನು ಕೊಡುವನು. ಅದೇ 25 ಕಿಲೋವ್ಯಾಟಿನ ಸಣ್ಣ ಇಂಜಿನನ್ನು ದಿನಕ್ಕೆ ಆರು ಗಂಟೆಯಂತೆ 300 ದಿನ ನಡೆಯಿಸಲು ಸುಮಾರು 60 ಟನ್ನು ಸಾಕು. ಇದು ಐದುನೂರ ಚಿಲ್ಲರೆ ಎಕರೆ ಶೇಂಗಾದ ಸಿಪ್ಪೆ, ಒಂದು ಊರಿನ ಹೊಲದಿಂದಲೇ ದೊರೆಯತಕ್ಕದ್ದು.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿ ಉಂಟು. ಸಿಪ್ಪೆಯನ್ನು ವಿದ್ಯುತ್ತಾಗಿ ಮಾಡುವಾಗ ಅದರ ಶಾಖದ ಆರು ಪಾಲಿನಲ್ಲಿ ಐದು ಪಾಲು ವ್ಯರ್ಥವಾಗುವುದು. ಅದೇ ಸಿಪ್ಪೆಯನ್ನು ಒಳ್ಳೆಯ ಒಲೆಯಲ್ಲಿಯೋ ಬಣ್ಣದ ಹಂಡೆಯ ಕೆಳಗೋ ಉರಿಸಿದಲ್ಲಿ ಪ್ರಯೋಜನವು ಅದಕ್ಕಿಂತ ಹೆಚ್ಚು. ವಿದ್ಯುತ್ತಿಗಾದರೋ ಈ ಸೀಮೆಗೆ ಬೇರೆ ಮೂಲವುಂಟು. ಚಳ್ಳಕೆರೆಗೆ ಅಂಟಿಕೊಂಡಿರುವ ಪಾವಗಡ ತಾಲ್ಲೂಕಿನ ತಿರುಮಣಿಯ ಬಳಿ ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವ್ಯಾಟಿನ ಸೌರವಿದ್ಯುತ್ ಕೇಂದ್ರವು ನಿಂತಿದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಬಿಸಿಲೂ ಗಾಳಿಯೂ ದನದ ಮೇವಿನಲ್ಲಿ ಪಾಲು ಕೇಳುವುದಿಲ್ಲ. ಬರಗಾಲದಲ್ಲಿ ಬಿಸಿಲಿಗೆ ಕೊರತೆಯೂ ಇಲ್ಲ. ಆದ್ದರಿಂದ ದೀಪಕ್ಕೂ ಪಂಪಿಗೂ ಬಿಸಿಲು ಮತ್ತು ಗಾಳಿ. ಶಾಖಕ್ಕೆ ಸಿಪ್ಪೆ ಮತ್ತು ಜಾಲಿ. ಅಡಿಗೆಗೆ ಗೋಬರ್ ಗ್ಯಾಸ್. ಭೂಮಿಗೆ ಬಗ್ಗಡ ಮತ್ತು ಬೂದಿ. ಈ ಹಂಚಿಕೆಯೇ ಈ ಎರಡು ತಾಲ್ಲೂಕುಗಳಿಗೆ ಯೋಗ್ಯವಾದುದು.

ಮುಖಂಡರ ಕರ್ತವ್ಯ

ಉರುವಲಿನ ಸ್ಥಾವರವನ್ನು ಕಟ್ಟುತ್ತೇವೆಂದು ಊರಿಗೆ ಬರುವವರನ್ನು ಆದರದಿಂದಲೇ ಬರಮಾಡಿಕೊಳ್ಳತಕ್ಕದ್ದು. ಆದರೆ ಕರಾರಿಗೆ ರುಜು ಹಾಕುವ ಮೊದಲು ಗ್ರಾಮಸಭೆಯಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು. ಒಂದು, ಸತತವಾಗಿ ಎರಡು ವರ್ಷ ಮಳೆ ಹೋದರೆ ಯಂತ್ರಕ್ಕೆ ಉರುವಲು ಎಲ್ಲಿಂದ? ಎರಡು, ಸಿಪ್ಪೆಗೂ ಕಡ್ಡಿಗೂ ಕ್ವಿಂಟಲಿಗೆ ಏನು ಬೆಲೆ, ಅದು ವರ್ಷವರ್ಷವೂ ಹೇಗೆ ಏರುವುದು? ಮೂರು, ಬೂದಿ ಮತ್ತು ಬಗ್ಗಡವು ಯಾರ ಹೊಲಕ್ಕೆ ಮರಳುವುದು? ನಾಲ್ಕು, ಕೆಟ್ಟಾಗ ರಿಪೇರಿ ಮಾಡುವವರು ಎಷ್ಟು ದೂರದಲ್ಲಿರುವರು? ಈ ನಾಲ್ಕಕ್ಕೂ ಬರಹದಲ್ಲಿ ಉತ್ತರ ಕೊಡದವರ ಯಂತ್ರವು ಊರಿಗೆ ಬಂದು ತುಕ್ಕು ಹಿಡಿಯುವುದೇ ಹೊರತು ಉರಿಯದು.

ಬರುವ ಸುಗ್ಗಿಯ ನಂತರ ಪ್ರತಿಯೊಂದು ಊರಿನಲ್ಲಿಯೂ ಎಷ್ಟು ಸಿಪ್ಪೆ, ಎಷ್ಟು ಕಡ್ಡಿ, ಎಷ್ಟು ಮೇವು, ಎಷ್ಟು ಸಗಣಿ, ಎಷ್ಟು ಎಕರೆ ಬಳ್ಳಾರಿ ಜಾಲಿ ಇರುವುದೆಂದು ಒಂದು ಪಟ್ಟಿಯನ್ನು ಸಿದ್ಧಪಡಿಸುವುದು ಕಷ್ಟವಾದ ಕೆಲಸವಲ್ಲ. ದನಕುರಿಗಳಿಗೆ ಒಂದು ಬರದ ವರ್ಷಕ್ಕೆ ಸಾಲುವಷ್ಟು ಮೇವನ್ನು ಆ ಪಟ್ಟಿಯಿಂದ ಮೊದಲೇ ತೆಗೆದಿರಿಸಿ, ಉಳಿದುದನ್ನು ಮಾತ್ರ ಉರುವಲೆಂದು ಎಣಿಸತಕ್ಕದ್ದು. ಹೆಚ್ಚು ಭೂಮಿಯೂ ದನಗಳೂ ಉಳ್ಳವರು ತಮ್ಮ ಮನೆಯಲ್ಲಿ ಮೊದಲು ಗೋಬರ್ ಗ್ಯಾಸ್ ಕಟ್ಟಿಸಿ, ಕುಳ್ಳು ತಟ್ಟುವುದನ್ನು ನಿಲ್ಲಿಸಿ, ತಮ್ಮ ಬದುವಿನಲ್ಲಿ ಹೊಂಗೆಯನ್ನು ನೆಟ್ಟು ತೋರಿಸಿದಲ್ಲಿ ಸಣ್ಣ ಹಿಡುವಳಿದಾರರು ತಾವಾಗಿಯೇ ಅನುಸರಿಸುವರು. ಭಾಷಣದಿಂದ ಆಗದ ಕೆಲಸವು ನೆರೆಹೊಲದ ಹಸುರಿನಿಂದ ಆಗುವುದು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಅಷ್ಟು ಕಾಲದಿಂದಲೂ ಜನರು ಈ ತೆಳುವಾದ ಮಣ್ಣಿನಿಂದ ಅನ್ನವನ್ನೂ ಬೆಂಕಿಯನ್ನೂ ಪಡೆದು ಬಾಳಿರುತ್ತಾರೆ. ತೆಗೆದುಕೊಂಡುದರಲ್ಲಿ ಒಂದು ಪಾಲನ್ನು ಹಿಂತಿರುಗಿಸಿದ್ದರಿಂದಲೇ ಅದು ಸಾಧ್ಯವಾಯಿತು. ಹೊಸ ಯಂತ್ರಗಳು ಬರಲಿ. ಆದರೆ ಪಾಲಿನ ಕ್ರಮವು ಹಳೆಯದೇ ಇರಲಿ. ಮನುಷ್ಯ, ದನ, ಭೂಮಿ ಈ ಮೂವರೂ ಉಂಡು ಮಿಕ್ಕುದು ಮಾತ್ರ ಬೆಂಕಿಗೆ ಸಲ್ಲತಕ್ಕದ್ದು. ಈ ಕ್ರಮವನ್ನು ಊರಿನ ಮುಖಂಡರು ತಮ್ಮ ಮನೆಯ ಕೊಟ್ಟಿಗೆಯಿಂದಲೇ ಪ್ರಾರಂಭಿಸಿ ಮಿಕ್ಕವರಿಗೆ ಮೇಲ್ಪಂಕ್ತಿಯಾಗುವರೆಂದು ನಂಬಲಾಗಿದೆ.